ಆ ‘ಯಾ ಯಾ’ ಹೇಳಿದ್ದು ಲೊಟ್ಟೆ ಅಲ್ಲ

ನಮ್ಮ ಶಿರಸಿ ಕಡೆ ಹವ್ಯಕರ ಮನೇಲಿ ಲೊಟ್ಟೆ ಅಂದ್ರೆ ಸುಳ್ಳು. “ಲೊಟ್ಟೆ ಹೇಳಡ” ಅಂತ ಆಯಿ ಹತ್ರ ದಿನಕ್ಕೊಂದ್ಸಲ ಬೈಸ್ಕೊಂಡು ಬೆಳೆದವಳು ನಾನು, ಹಾಗಾಗಿ ಲೊಟ್ಟೆ ಲೇಮನ್ ಅನ್ನೋ ಜರ್ಮನ್ ಒಪೆರಾ ಗಾಯಕಿಯ ಹೆಸರು ಮೊದಲ್ನೇ ಸಲ ಕಣ್ಣಿಗೆ ಬಿದ್ದಾಗ ನಕ್ಕಿದ್ದೇ ನಕ್ಕಿದ್ದು. ಜರ್ಮನ್ನರಲ್ಲಿ ಅದು ಶಾರ್ಲೊಟ್ಟೆ ಅನ್ನೋದನ್ನ ಮುದ್ದಿಗೆ ಮೊಟಕು ಮಾಡಿದ್ದು, ನಮ್ಮಲ್ಲಿ ಸರಸ್ವತಿ ಸರಸು ಆಗೋ ಥರ. ಆಗ ನಾನು ಕಾಲು ಮುರ್ಕೊಂಡು ಆರು ವಾರ ಮಂಚದ ಮೇಲೆ ಬಿದ್ದಿದ್ದೆ, ಮೊಬೈಲ್ ಬಿಟ್ರೆ ಬೇರೆ ಗತಿ ಇರ್ಲಿಲ್ಲ, ಯೂಟ್ಯೂಬ್ ಒಂದರಿಂದ ಇನ್ನೊಂದಕ್ಕೆ ತಳ್ತಾ ತಳ್ತಾ ಕೊನೆಗೆ 1933ರ ಒಂದು ಕಿರಕಿರ ಅನ್ನೋ ರೆಕಾರ್ಡಿಂಗಿಗೆ ತಂದು ಬಿಡ್ತು. ಒಪೆರಾ ಅಂದ್ರೆ ತಲೆ ಮೇಲೆ ಕೊಂಬಿನ ಟೋಪಿ ಹಾಕ್ಕೊಂಡು ಯಾರೋ ಕಿರುಚೋದು, ಅಷ್ಟೇ ನನ್ನ ಜ್ಞಾನ. ಆಮೇಲೆ ಏನಾಯ್ತೋ ಗೊತ್ತಿಲ್ಲ, ಆರು ವಾರ ಬೇರೆ ಏನೂ ಕೇಳ್ಲಿಲ್ಲ.

ಆ ರೆಕಾರ್ಡಿಂಗ್ ರಿಚರ್ಡ್ ಸ್ಟ್ರೌಸ್ ಅನ್ನೋ ಜರ್ಮನ್ ಸಂಗೀತಕಾರ ಬರೆದ ‘ಡೆರ್ ರೋಸೆನ್‌ಕವಲಿಯರ್’ ಅನ್ನೋ ಒಪೆರಾದ್ದು, ಅಂದ್ರೆ ಮಾತೆಲ್ಲ ಹಾಡಲ್ಲೇ ಇರೋ ನಾಟಕ. ಕಥೆ ಗೊತ್ತಿಲ್ಲದವ್ರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಹಳೇ ಕಾಲದ ವಿಯೆನ್ನಾ, ಮಾರ್ಷಲಿನ್ ಅನ್ನೋ ದೊಡ್ಡ ಮನೆತನದ ಹೆಂಗಸು, ಗಂಡ ಯಾವಾಗ್ಲೂ ಬೇಟೆ ಗೀಟೆ ಅಂತ ಊರಲ್ಲಿರಲ್ಲ, ಆಕೆಗೆ ಒಕ್ಟೇವಿಯನ್ ಅನ್ನೋ ಹದಿನೇಳು ವರ್ಷದ ಪ್ರೇಮಿ. ಆಕೆಗೆ ಗೊತ್ತು ಇವತ್ತೋ ನಾಳೆಯೋ ಈ ಹುಡುಗ ತನ್ನ ವಯಸ್ಸಿನವಳನ್ನ ಹುಡುಕ್ಕೊಂಡು ಹೋಗ್ತಾನೆ ಅಂತ, ಹೋಗ್ತಾನೆ ಕೂಡ, ಸೋಫಿ ಅನ್ನೋ ಹುಡುಗಿ ಹಿಂದೆ. ಮೊದಲ್ನೇ ಅಂಕದಲ್ಲಿ ಆಕೆ ಕನ್ನಡಿ ನೋಡ್ಕೊಂಡು ಕೂತಿರೋ ಜಾಗ ಒಂದಿದೆ, ರಾತ್ರಿ ಎದ್ದು ಮನೇಲಿರೋ ಗಡಿಯಾರ ಎಲ್ಲಾ ನಿಲ್ಲಿಸ್ಬಿಡ್ತೀನಿ ಅಂತಾಳೆ. ವಿಚಿತ್ರ ಅಂದ್ರೆ ಆ ಪಾತ್ರಕ್ಕೆ ಮೂವತ್ತರ ಮೇಲೆ ಎರಡೋ ಮೂರೋ ಅಷ್ಟೇ. ನನಗೆ ನಲವತ್ತನಾಲ್ಕು, ನಾನಿನ್ನೂ ಗಡಿಯಾರ ನಿಲ್ಲಿಸಿಲ್ಲ, ನಮ್ಮನೆ ಗಡಿಯಾರ ಬ್ಯಾಟರಿ ಹೋಗಿ ತಾನೇ ನಿಂತಿದೆ.

ಕೊನೇ ಅಂಕದಲ್ಲಿ ಮಾರ್ಷಲಿನ್ ಹುಡುಗನ್ನ ಬಿಟ್ಟುಕೊಟ್ಟು ಹೊರಡ್ತಾಳೆ. ಸೋಫಿ ಅಪ್ಪ ಪಕ್ಕದಲ್ಲಿ ನಿಂತು ವಯಸ್ಸಿನ ಮಕ್ಕಳು ಅಂದ್ರೆ ಹಿಂಗೇ ಅಲ್ವಾ ಅನ್ನೋ ಥರ ಒಂದು ಮಾತು ಹೇಳ್ತಾನೆ, ಅದಕ್ಕೆ ಆಕೆ ಕೊಡೋ ಉತ್ತರ ‘ಯಾ, ಯಾ’. ಅಷ್ಟೇ, ಹೂಂ ಹೌದು ಅಂತ. ಮೂರು ಗಂಟೆ ಒಪೆರಾದಲ್ಲಿ ಆಕೆಯ ಕೊನೇ ಮಾತು ಅದು, ಇಡೀ ಪಾತ್ರ ಆ ಎರಡು ಅಕ್ಷರದ ಮೇಲೆ ನಿಂತಿದೆ ಅಂತ ಒಪೆರಾ ಹುಚ್ಚಿನವ್ರು ಜಗಳ ಆಡ್ತಾರೆ, ಯಾರು ಚೆನ್ನಾಗಿ ‘ಯಾ ಯಾ’ ಅಂದ್ರು, ಯಾರು ಕೆಡಿಸಿದ್ರು ಅಂತ.

1933ರಲ್ಲಿ ವಿಯೆನ್ನಾದಲ್ಲಿ ಎಚ್‌ಎಮ್‌ವಿ ಕಂಪನಿಯವ್ರು ಇದನ್ನ ರೆಕಾರ್ಡ್ ಮಾಡಿದ್ರು, ರಾಬರ್ಟ್ ಹೇಗರ್ ಕಂಡಕ್ಟರ್ (ಅಂದ್ರೆ ಮುಂದೆ ನಿಂತು ವಾದ್ಯವೃಂದ ನಡೆಸೋವ್ರು), ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ, ಪೂರ್ತಿ ಅಲ್ಲ, ಸುಮಾರು ಕತ್ತರಿಸಿದ್ದು, ಯಾಕಂದ್ರೆ ಆಗಿನ, ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ತಟ್ಟೆಗೆ ಒಂದು ಬದಿಗೆ ನಾಲ್ಕು ನಿಮಿಷ ಹಿಡಿದ್ರೆ ಹೆಚ್ಚು. ಮಾರ್ಷಲಿನ್ ಪಾತ್ರಕ್ಕೆ ಲೊಟ್ಟೆ ಲೇಮನ್, ಸೋಫಿಗೆ ಎಲಿಸಬೆತ್ ಶೂಮನ್. ಜಗತ್ತಿನಲ್ಲೇ ಈ ಪಾತ್ರಕ್ಕೆ ಇವ್ರನ್ನ ಬಿಟ್ರೆ ಇಲ್ಲ ಅನ್ನಿಸ್ಕೊಂಡ ಗಾಯಕಿಯ ಆ ರೆಕಾರ್ಡಿಂಗ್‌ನಲ್ಲಿ ಆ ಕೊನೇ ‘ಯಾ, ಯಾ’ ಇದ್ಯಲ್ಲ, ಅದು ಇವ್ರ ದನಿನೇ ಅಲ್ಲ. ತನ್ನ ಭಾಗ ಮುಗೀತು ಅನ್ಕೊಂಡು ಲೇಮನ್ ಎದ್ದು ಹೊರಟುಬಿಟ್ಟಿದ್ರಂತೆ, ಆಮೇಲೆ ನೋಡಿದ್ರೆ ಎರಡು ಮಾತು ಬಾಕಿ, ಶೂಮನ್ ಅವ್ರೇ ಲೇಮನ್ ಥರ ದನಿ ಮಾಡಿ ಹೇಳಿ ಮುಗಿಸಿದ್ರು. ಲೊಟ್ಟೆ ಹೆಸರಲ್ಲಿ ಲೊಟ್ಟೆ! ಇದನ್ನ ಓದಿದ ಮೇಲೆ ಹತ್ತು ಸಲ ಅದೊಂದೇ ಜಾಗ ಹಾಕಿ ಕೇಳಿದೆ, ಆದ್ರೂ ವ್ಯತ್ಯಾಸ ಗೊತ್ತಾಗಲ್ಲ.

ಇಲ್ಲಿಂದ ಶುರುವಾಯ್ತು ನನ್ನ ಹುಚ್ಚು.

ಲೇಮನ್ ಹುಟ್ಟಿದ್ದು 1888ರ ಫೆಬ್ರವರಿ 27ಕ್ಕೆ, ಬರ್ಲಿನ್‌ಗೂ ಹ್ಯಾಂಬರ್ಗ್‌ಗೂ ನಡುವೆ ಇರೋ ಪೆರ್ಲೆಬೆರ್ಗ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಸಣ್ಣ ಹುದ್ದೆಯ ನೌಕರ, ಮಗಳು ನೆಟ್ಟಗೆ ಪೆನ್ಶನ್ ಬರೋ ಕೆಲಸಕ್ಕೆ ಸೇರ್ಲಿ ಅನ್ನೋ ಜಾತಿ (ಅಪ್ಪಂದಿರು ಎಲ್ಲಾ ದೇಶದಲ್ಲೂ ಒಂದೇ). ಸಂಸಾರ ಬರ್ಲಿನ್‌ಗೆ ಬಂತು, ಹುಡುಗಿ ಅಲ್ಲಿ ಸಂಗೀತ ಕಲಿಯೋಕೆ ಸೇರಿದ್ಲು, ಆಮೇಲೆ ಎಟೆಲ್ಕಾ ಗೆರ್ಸ್ಟರ್ ಅನ್ನೋ ದೊಡ್ಡ ಹೆಸರಿನ ಗಾಯಕಿಯ ಶಾಲೆ. ಅಲ್ಲಿ ಇವ್ರ ಗಂಟಲು ಹಿಡಿತಕ್ಕೇ ಬರ್ಲಿಲ್ಲ, ಅವ್ರ ಪದ್ಧತಿ ಇವ್ರಿಗೆ ಕೂಡಿ ಬರ್ಲಿಲ್ಲ, ಕೊನೆಗೆ ನಿನ್ನ ಕೈಲಾಗಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದ್ರು. ಹೊರಗೆ ಹಾಕಿದ್ರು ಅಂದ್ರೆ ಸುಮ್ನೆ ಅಲ್ಲ, ಪ್ರತಿಭೆನೇ ಇಲ್ಲ ಅನ್ನೋ ಅರ್ಥದ ಕಾಗದ ಕೊಟ್ಟು.

ಇದನ್ನ ಓದೋವಾಗ ನನಗೆ ನನ್ನ ಎಂಟನೇ ಕ್ಲಾಸು ನೆನಪಾಯ್ತು. ಸಂಗೀತದ ಕ್ಲಾಸಿಗೆ ಮೂರು ವರ್ಷ ಹೋಗಿದ್ದೆ, ಸರಳೆ ಜಂಟೆ ಅಲಂಕಾರ ಎಲ್ಲಾ ಆಗಿ ಗೀತೆಗೆ ಬಂದಿದ್ವಿ, ಒಂದಿನ ನಮ್ಮ ಟೀಚರ್ ಎಲ್ಲರ ಮುಂದೆ ನಿನಗೆ ಉಸಿರೇ ಸಾಲಲ್ಲ ಮಾರಾಯ್ತಿ, ಪದದ ಮಧ್ಯ ಕತ್ತರಿಸ್ತೀಯ, ಹೊಲಿಗೆ ಕ್ಲಾಸಿಗೆ ಸೇರ್ಕೋ ಅಂದ್ರು. ನಾನು ಹೊಲಿಗೆ ಕ್ಲಾಸಿಗೂ ಸೇರ್ಲಿಲ್ಲ, ಅದು ಬೇರೆ ವಿಷ್ಯ.

ಲೇಮನ್ ಮಾತ್ರ ಬಿಡ್ಲಿಲ್ಲ. ಮಟಿಲ್ಡೆ ಮಲಿಂಗರ್ ಅನ್ನೋ ಹಳೇ ಗಾಯಕಿಗೆ ತಾನೇ ಕಾಗದ ಬರೆದ್ರು. ಈ ಮಲಿಂಗರ್ ಯಾರು ಅಂದ್ರೆ 1868ರಲ್ಲಿ ಮ್ಯೂನಿಕ್‌ನಲ್ಲಿ ದೊಡ್ಡ ಒಪೆರಾ ಸಂಗೀತಕಾರ ವಾಗ್ನರ್‌ನ ‘ಮೈಸ್ಟರ್‌ಸಿಂಗರ್’ ಮೊದಲ ಸಲ ಆಡಿದಾಗ ನಾಯಕಿ ಈವಾ ಪಾತ್ರ ಮಾಡಿದವ್ರು, ಅಂದ್ರೆ ವಾಗ್ನರ್ ಕಣ್ಣೆದುರು ಹಾಡಿದ ಗಂಟಲು. ಅವ್ರ ಹತ್ರ ಹೋದ ಮೇಲೆ ದನಿ ಬಿಚ್ಕೊಳ್ತು. 1910ರಲ್ಲಿ ಹ್ಯಾಂಬರ್ಗ್ ಒಪೆರಾದಲ್ಲಿ ಕೆಲಸ ಸಿಕ್ತು, ಮೊದಲ ಪಾತ್ರ ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ನಲ್ಲಿ ಎರಡನೇ ಹುಡುಗ. ಮೂರು ಹುಡುಗ್ರು ಬರ್ತಾರೆ, ಅದರಲ್ಲಿ ಎರಡನೆಯವನು. ಗಮನಿಸಿ, ಒಂದನೆಯವನೂ ಅಲ್ಲ.

ಎರಡು ವರ್ಷ ಹೀಗೇ ಚಿಲ್ಲರೆ ಪಾತ್ರಗಳು. 1912ರ ಕೊನೆಗೆ ವಾಗ್ನರ್‌ನ ‘ಲೋಹೆನ್‌ಗ್ರಿನ್’ನ ನಾಯಕಿ ಎಲ್ಸಾ ಪಾತ್ರ ಸಿಕ್ತು, ಕಂಡಕ್ಟರ್ ಓಟೋ ಕ್ಲೆಂಪರರ್, ಅವನಿಗೂ ಆಗ ಇಪ್ಪತ್ತೇಳೇ ವರ್ಷ, ಅಲ್ಲಿಂದ ಮುಂದೆ ಹಿಂತಿರುಗಿ ನೋಡ್ಲಿಲ್ಲ. ನಡುವೆ ಒಂದು ಗಾಸಿಪ್ ಹೇಳದೇ ಇರೋಕಾಗಲ್ಲ: ಇದೇ ಕ್ಲೆಂಪರರ್ ಇದೇ ಹ್ಯಾಂಬರ್ಗ್‌ನಲ್ಲಿ ಅದೇ ವರ್ಷ ಇನ್ನೊಬ್ಬ ಗಾಯಕಿ ಜೊತೆ ಓಡಿ ಹೋಗಿದ್ದ, ಆಕೆಗೆ ಮದುವೆ ಆಗಿತ್ತು, ಆಕೆ ಗಂಡ ಕುದುರೆ ಚಾಟಿ ತಗೊಂಡು ಬಂದು ಒಪೆರಾ ಮನೆ ಒಳಗೇ ‘ಲೋಹೆನ್‌ಗ್ರಿನ್’ ಮುಗೀತಿದ್ದಂಗೆ ಕಂಡಕ್ಟರ್‌ಗೆ ಬಾರಿಸಿದ. ಆ ಗಾಯಕಿ ಯಾರು ಗೊತ್ತಾ? ಎಲಿಸಬೆತ್ ಶೂಮನ್. ಹೌದು, ‘ಯಾ ಯಾ’ ಶೂಮನ್ನೇ.

1916ರಲ್ಲಿ ಲೇಮನ್ ವಿಯೆನ್ನಾಗೆ ಬಂದ್ರು. ಅಲ್ಲಿ ಸ್ಟ್ರೌಸ್‌ನ ‘ಅರಿಯಾಡ್ನೆ ಔಫ್ ನಕ್ಸೋಸ್’ ಒಪೆರಾವನ್ನ ತಿದ್ದಿ ಹೊಸದಾಗಿ ಆಡೋ ತಯಾರಿ, ಅದರಲ್ಲಿ ಯುವ ಸಂಗೀತಗಾರನ ಪಾತ್ರಕ್ಕೆ ಮರೀ ಗುಟೈಲ್-ಶೋಡರ್ ಅನ್ನೋ ದೊಡ್ಡ ಗಾಯಕಿಯನ್ನ ಗೊತ್ತು ಮಾಡಿದ್ರು. ರಿಹರ್ಸಲ್ ದಿನ ಆಕೆ ಹುಷಾರಿಲ್ಲ ಅಂತ ಬರ್ಲಿಲ್ಲ, ಬದಲಿಗೆ ನಿಂತಿದ್ದ ಲೇಮನ್ ಹಾಡಿದ್ರು, ಕೆಳಗೆ ಕೂತಿದ್ದ ಸ್ಟ್ರೌಸ್ ಕೇಳಿ ಇವಳೇ ಇರ್ಲಿ ಅಂತ ಹಟ ಹಿಡಿದ. ಅಕ್ಟೋಬರ್ 4ಕ್ಕೆ ಮೊದಲ ಪ್ರದರ್ಶನ, ಬೆಳಗಾಗೋ ಹೊತ್ತಿಗೆ ವಿಯೆನ್ನಾ ಪೂರ್ತಿ ಇವ್ರ ಮಾತು. ಆಮೇಲೆ 1919ರಲ್ಲಿ ಸ್ಟ್ರೌಸ್‌ನದೇ ‘ಡೀ ಫ್ರೌ ಓನೆ ಶಾಟೆನ್’ ಮೊದಲ ಪ್ರದರ್ಶನದಲ್ಲಿ ಬಣ್ಣಗಾರನ ಹೆಂಡತಿ, ಅದರಲ್ಲಿ ಮಹಾರಾಣಿ ಪಾತ್ರಕ್ಕೆ ಮರಿಯಾ ಯೆರಿಟ್ಸಾ, ಇವ್ರಿಬ್ಬರ ಪೈಪೋಟಿ ಆಗಿನ ವಿಯೆನ್ನಾದಲ್ಲಿ ಮನೆಮಾತು, ಒಬ್ಬರ ಅಭಿಮಾನಿ ಇನ್ನೊಬ್ಬರ ಶೋಗೆ ಕಾಲಿಡಲ್ಲ ಅನ್ನೋಷ್ಟು.

1924ರಲ್ಲಿ ಡ್ರೆಸ್ಡೆನ್‌ನಲ್ಲಿ ಸ್ಟ್ರೌಸ್ ‘ಇಂಟರ್‌ಮೆಟ್ಸೋ’ ಅಂತ ಇನ್ನೊಂದು ಮಾಡಿದ. ಅದು ಬೇರೆ ಏನಲ್ಲ, ತನ್ನ ಮನೆ ಜಗಳವನ್ನೇ ಒಪೆರಾ ಮಾಡಿದ್ದು, ನಾಯಕಿ ಸಾಕ್ಷಾತ್ ಅವನ ಹೆಂಡ್ತಿ ಪೌಲಿನೆ, ಸಿಡುಕು ಮೋರೆ, ಕೂಗಾಟ, ಎಲ್ಲಾ ಸಮೇತ. ಆ ಪಾತ್ರ ಮಾಡಿದ್ದು ಲೇಮನ್. ಶೋ ಮುಗಿದ ಮೇಲೆ ಲೇಮನ್ ಹೋಗಿ ಪೌಲಿನೆಗೆ, ನಿಮ್ಮೆಜಮಾನ್ರು ನಿಮಗೆ ಎಂಥಾ ಉಡುಗೊರೆ ಕೊಟ್ಟಿದಾರೆ ನೋಡಿ ಅಂದ್ರಂತೆ, ಆಯಮ್ಮ ಜೋರಾಗಿ, ನನಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ ಅನ್ನೋ ಥರ ಉತ್ತರ ಕೊಟ್ಟು ಎಲ್ಲರ ಬಾಯಿ ಮುಚ್ಚಿಸಿದ್ಲಂತೆ. ಪೌಲಿನೆ ನನಗೆ ಭಾಳ ಇಷ್ಟ.

ಅದೇ 1924ರಲ್ಲಿ ಲಂಡನ್‌ನ ಕಾವೆಂಟ್ ಗಾರ್ಡನ್‌ನಲ್ಲಿ, ಬ್ರೂನೋ ವಾಲ್ಟರ್ ಕಂಡಕ್ಟ್ ಮಾಡ್ತಿದ್ದಾಗ, ಲೇಮನ್ ಮೊದಲ ಸಲ ಮಾರ್ಷಲಿನ್ ಆದ್ರು. ಅದಕ್ಕೆ ಮುಂಚೆ ಅದೇ ಒಪೆರಾದಲ್ಲಿ ಸೋಫಿ ಆಗಿದ್ರು, ಒಕ್ಟೇವಿಯನ್ ಹುಡುಗನೂ ಆಗಿದ್ರು. ನಮ್ಮ ಯಕ್ಷಗಾನದಲ್ಲಿ ಬಾಲಗೋಪಾಲನಿಂದ ಶುರು ಮಾಡಿ ಸ್ತ್ರೀವೇಷ, ಪುರುಷವೇಷ ಅಂತ ಮೇಲೇರ್ತಾರಲ್ಲ, ಹಂಗೆ ಒಂದೇ ಪ್ರಸಂಗದ ಮೂರೂ ವೇಷ ಕಟ್ಟಿದಂಗೆ. ಅದಕ್ಕೇ ಇರ್ಬೇಕು, ಕೊನೇ ಅಂಕದಲ್ಲಿ ಆ ಇಬ್ಬರು ಮಕ್ಕಳನ್ನ ಬಿಟ್ಟು ಹೊರಡೋ ಹೆಂಗಸಿಗೆ ಅವ್ರ ಒಳಗೆ ಏನು ನಡೀತಿದೆ ಅನ್ನೋದು ಪೂರಾ ಗೊತ್ತಿತ್ತು.

ಈಗ ಆ ಉಸಿರಿನ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಇವ್ರು ಅಂಟ್ಕೊಂಡಿದ್ದೇ ಅಲ್ಲಿ. ಲೇಮನ್‌ಗೆ ಉಸಿರು ಸಾಲ್ತಿರ್ಲಿಲ್ಲ! ನಾನು ಹೇಳೋದಲ್ಲ, ಆಗಿನ ವಿಮರ್ಶಕರೂ ಬರೆದಿದಾರೆ, ರೆಕಾರ್ಡಿಂಗ್ ಕೇಳಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಬೇರೆಯವ್ರು ಒಂದೇ ಉಸಿರಲ್ಲಿ ಎಳೆಯೋ ಸಾಲನ್ನ ಇವ್ರು ಎರಡು ಮೂರು ಕಡೆ ನಿಲ್ಲಿಸಿ ಹಾಡ್ತಾರೆ. ಮೇಲಿನ ಸ್ವರಕ್ಕೆ ಹೋಗೋವಾಗ್ಲೂ ಒಂಥರಾ ಧಾವಂತ. ಆದ್ರೆ ಆ ಉಸಿರು ತಗೊಳೋ ಸದ್ದೇ ಮಾತಿನ ಭಾಗ ಆಗ್ಬಿಡುತ್ತೆ, ಯಾರೋ ಎದುರಿಗೆ ಕೂತು ಏನೋ ಹೇಳೋಕೆ ಹೊರಟು ತಡೆದು ಮತ್ತೆ ಹೇಳ್ದಂಗೆ. 1935ರಲ್ಲಿ ಬ್ರೂನೋ ವಾಲ್ಟರ್ ಜೊತೆ ವಾಗ್ನರ್‌ನ ‘ಡೀ ವಾಲ್ಕ್ಯೂರೆ’ಯ ಮೊದಲ ಅಂಕ ರೆಕಾರ್ಡ್ ಮಾಡಿದ್ರು, ಲೌರಿಟ್ಸ್ ಮೆಲ್ಕಿಯೋರ್ ಜೊತೆಗಾರ, ಅದರಲ್ಲಿ ಲೇಮನ್ ಹಾಡೋ ಜೀಗ್ಲಿಂಡೆ ಅನ್ನೋ ಪಾತ್ರ ತನ್ನ ಅವಳಿ ಅಣ್ಣನ್ನ ಗುರುತು ಹಿಡಿಯೋ ಜಾಗ ಕೇಳಿ, ಜರ್ಮನ್ ಒಂದಕ್ಷರ ಬರ್ದಿದ್ರೂ ಪರ್ವಾಗಿಲ್ಲ. ಒಂದೊಂದು ವ್ಯಂಜನಾನೂ ಹಲ್ಲಿಗೆ ತಾಗಿ ಬರುತ್ತೆ.

ಲೇಮನ್ ಹೆಸರಿನ ಇನ್ನೊಬ್ಬರಿದಾರೆ, ಲಿಲಿ ಲೇಮನ್, 1848ರಿಂದ 1929, ಅವ್ರೂ ಜರ್ಮನ್, ಅವ್ರೂ ಒಪೆರಾ ಗಾಯಕಿ, ಅವ್ರೂ ಪಾಠ ಹೇಳ್ತಿದ್ರು, ಗೂಗಲ್ ಮಾಡಿದ್ರೆ ಇಬ್ಬರೂ ಕಲಸ್ಕೊಂಡು ಬರ್ತಾರೆ, ನಾನೇ ಎರಡು ದಿನ ಅಮ್ಮ ಮಗಳು ಅನ್ಕೊಂಡಿದ್ದೆ. ಸಂಬಂಧ ಏನೂ ಇಲ್ಲ. ಸ್ವಭಾವದಲ್ಲಂತೂ ಉತ್ತರ ದಕ್ಷಿಣ. ಲಿಲಿ ಹಾಡೋದರ ಬಗ್ಗೆ ಬರೆದ ಪುಸ್ತಕದಲ್ಲಿ ಗಂಟಲು, ನಾಲಿಗೆ, ಅಂಗುಳ ಎಲ್ಲದರ ಚಿತ್ರ ಇದೆ, ಸ್ವರ ಎಲ್ಲಿ ಕೂರ್ಬೇಕು ಅಂತ ಇಂಚಿಂಚು ವಿವರ. ಲೊಟ್ಟೆ ಬರೆದ ಪುಸ್ತಕದಲ್ಲಿ ಗಂಟಲೇ ಇಲ್ಲ, ಇರೋದೆಲ್ಲ ಕವಿತೆ. ಈ ಸಾಲಲ್ಲಿ ಹುಡುಗಿ ಕಿಟಕಿ ಕಡೆ ನೋಡ್ತಿದಾಳೆ, ಇಲ್ಲಿ ಅವಳಿಗೆ ಅನುಮಾನ ಬಂತು, ಇಲ್ಲಿ ದನಿ ಇಳಿಸು, ಇಂಥವು.

ನಾಜಿಗಳ ಕಾಲದ್ದು ಸ್ವಲ್ಪ ಗೋಜಲು ಕಥೆ. ಲೇಮನ್ ಅವ್ರೇ ವಯಸ್ಸಾದ ಮೇಲೆ ಬರೆದ ಪ್ರಕಾರ, 1934ರಲ್ಲಿ ಹಿಟ್ಲರ್‌ನ ಬಲಗೈ ಗ್ಯೋರಿಂಗ್ ಕರೆಸಿ ಬರ್ಲಿನ್ ಒಪೆರಾಗೆ ಬಾ, ಕೇಳಿದ್ದೆಲ್ಲ ಕೊಡ್ತೀನಿ, ಒಬ್ಬ ವಿಮರ್ಶಕನೂ ನಿನ್ನ ಬಗ್ಗೆ ಕೆಟ್ಟದ್ದು ಬರೆಯಲ್ಲ, ಆದ್ರೆ ಜರ್ಮನಿ ಬಿಟ್ಟು ಹೊರಗೆ ಹಾಡೋ ಹಾಗಿಲ್ಲ ಅಂದ, ನಾನು ಒಪ್ಲಿಲ್ಲ. ಗ್ಯೋರಿಂಗ್ ಸಾಕಿದ್ದ ಸಿಂಹದ ಮರಿ ಕೂಡ ಆ ಕಥೇಲಿ ಬರುತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ 2008ರಲ್ಲಿ ಮೈಕೆಲ್ ಕೇಟರ್ ಅನ್ನೋ ಇತಿಹಾಸಕಾರ ಹಳೇ ಕಾಗದ ಪತ್ರ ಎಲ್ಲಾ ತೆಗೆದು ನೋಡಿ ಬರೆದ ಪ್ರಕಾರ ವಿಷ್ಯ ಅಷ್ಟು ಸರಳ ಅಲ್ಲ, ಲೇಮನ್‌ಗೆ ಆ ಕೆಲಸ ಬೇಕಾಗೇ ಇತ್ತು, ಸಂಬಳ ಗಿಂಬಳ ಅಂತ ಚೌಕಾಸಿ ನಡೀತು, ಅದು ಮುರಿದು ಬಿತ್ತು. ನೋಡಿ, ಮತ್ತೆ ಲೊಟ್ಟೆ. ನನಗೇನೂ ಬೇಜಾರಾಗ್ಲಿಲ್ಲ, ನಮ್ಮಜ್ಜಿನೂ ತನ್ನ ಮದುವೆ ಕಥೆ ಒಂದೊಂದ್ಸಲ ಒಂದೊಂದು ಥರ ಹೇಳ್ತಿದ್ಲು. ಆದ್ರೆ ಎಷ್ಟೋ ಕಡೆ ಇವ್ರನ್ನ ಹಿಟ್ಲರ್‌ಗೆ ಎದುರು ನಿಂತ ವೀರವನಿತೆ ಅಂತ ಬರೀತಾರಲ್ಲ, ಅದನ್ನ ಸ್ವಲ್ಪ ಉಪ್ಪು ಹಾಕಿ ತಿನ್ಬೇಕು ಅಷ್ಟೇ.

ಕಷ್ಟ ಪಟ್ಟಿದ್ದು ಮಾತ್ರ ಸುಳ್ಳಲ್ಲ. ಗಂಡ ಓಟೋ ಕ್ರೌಸೆಗೆ ಮೊದಲ ಹೆಂಡತಿಯಿಂದ ನಾಲ್ಕು ಮಕ್ಕಳು, ಆ ತಾಯಿ ಯಹೂದಿ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದಾಗ ಸಂಸಾರ ಎಲ್ಲಾ ಅಲ್ಲೇ ಸಿಕ್ಕಿಹಾಕ್ಕೊಳ್ತು. ಎರಡು ತಿಂಗಳಿಗೆ, ಮೇನಲ್ಲಿ, ಲಂಡನ್‌ನಲ್ಲಿ ಮತ್ತೆ ‘ರೋಸೆನ್‌ಕವಲಿಯರ್’. ಮೊದಲ ಅಂಕದ ಮಧ್ಯ ಲೇಮನ್ ಹಾಡು ನಿಲ್ಲಿಸಿ, ನನ್ನ ಕೈಲಾಗಲ್ಲ ಅಂದು ಸ್ಟೇಜ್ ಬಿಟ್ಟು ಹೋದ್ರು. ಜನ ದಂಗು. ಪ್ರೇಕ್ಷಕರ ನಡುವೆ ಹಿಲ್ಡೆ ಕೊನೆಟ್ಸ್ನಿ ಅನ್ನೋ ಗಾಯಕಿ ಸುಮ್ನೆ ನೋಡೋಕೆ ಅಂತ ಬಂದು ಕೂತಿದ್ರು, ಅವ್ರನ್ನ ಎಬ್ಬಿಸ್ಕೊಂಡು ಹೋಗಿ ಬಟ್ಟೆ ತೊಡಿಸಿ ಸ್ಟೇಜಿಗೆ ತಳ್ಳಿದ್ರು, ಶೋ ಮುಗೀತು. ಈ ಹೆಂಗಸಿನ ಮಾರ್ಷಲಿನ್‌ನ ಬೇರೆಯವ್ರು ಮುಗಿಸಿದ್ದು ಇದು ಎರಡನೇ ಸಲ.

ಹೇಗೋ ಎಲ್ಲರೂ ಅಮೆರಿಕಾ ಸೇರ್ಕೊಂಡ್ರು. ಅಲ್ಲಿ ಮೆಟ್ರೋಪಾಲಿಟನ್ ಒಪೆರಾದಲ್ಲಿ 1934ರಿಂದಲೇ ಹಾಡ್ತಿದ್ರು, ಕೆಲಸಕ್ಕೆ ತೊಂದ್ರೆ ಇರ್ಲಿಲ್ಲ. ಆದ್ರೆ 1939ರ ಜನವರಿಯಲ್ಲೇ ಗಂಡ ಕ್ಷಯದಿಂದ ಹೋಗ್ಬಿಟ್ರು. ಆಮೇಲೆ ಫ್ರಾನ್ಸಿಸ್ ಹೋಲ್ಡನ್ ಅನ್ನೋ ಮನಃಶಾಸ್ತ್ರದ ಪ್ರೊಫೆಸರ್ ಗೆಳತಿ ಜೊತೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಮನೆ ಮಾಡಿದ್ರು, ಕೊನೇವರೆಗೂ ಅಲ್ಲೇ. ಒಂದು ಸಣ್ಣ ಸಂಗತಿ ಮರೆತಿದ್ದೆ, 1936ರಲ್ಲಿ ಸಾಲ್ಜ್‌ಬರ್ಗ್ ಹತ್ರ ಒಂದು ಮನೇಲಿ ಮಕ್ಕಳು ಸೇರಿ ಹಾಡೋದು ಕೇಳಿ, ನೀವು ಜನರ ಮುಂದೆ ಹಾಡ್ಲೇಬೇಕು ಅಂತ ಹುರಿದುಂಬಿಸಿದ್ದು ಇದೇ ಲೇಮನ್. ಅದು ಟ್ರಾಪ್ ಕುಟುಂಬ. ನಾವೆಲ್ಲ ಶಾಲೇಲಿ ಡೋರೇಮಿ ಅಂತ ಕುಣಿದಿದ್ವಲ್ಲ, ಆ ‘ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾದವ್ರೇ, ಸಿನಿಮಾದಲ್ಲಿ ಮಾತ್ರ ಲೇಮನ್ ಇಲ್ಲ.

1951ರ ಫೆಬ್ರವರಿ 16, ನ್ಯೂಯಾರ್ಕಿನ ಟೌನ್ ಹಾಲ್. ಅರವತ್ಮೂರು ತುಂಬೋಕೆ ಹನ್ನೊಂದು ದಿನ ಬಾಕಿ. ಇದರ ರೆಕಾರ್ಡಿಂಗ್ ಇದೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಮಧ್ಯದಲ್ಲಿ ಲೇಮನ್ ಜನರ ಹತ್ರ ಮಾತಾಡ್ತಾರೆ, ಇದು ನನ್ನ ಕೊನೇ ಕಛೇರಿ ಅಂತ. ಯಾರಿಗೂ ಮುಂಚೆ ಗೊತ್ತಿರ್ಲಿಲ್ಲ. ಹಾಲ್ ತುಂಬ ‘ನೋ ನೋ’ ಅಂತ ಕೂಗು. ಅದಕ್ಕೆ ಆಯಮ್ಮ, ನೀವು ಹಿಂಗೆ ಬೇಡ ಅಂತೀರಾ ಅಂತ ಆಸೆ ಇತ್ತು, ಆದ್ರೆ ದಯವಿಟ್ಟು ವಾದ ಮಾಡ್ಬೇಡಿ ಅಂತಾರೆ, ಜನ ನಗ್ತಾರೆ. ಆಮೇಲೆ, ಮಾರ್ಷಲಿನ್ ಕನ್ನಡಿ ನೋಡ್ಕೊಂಡು ಟೈಮ್ ಆಯ್ತು ಅಂತಾಳೆ, ನಾನೂ ಕನ್ನಡಿ ನೋಡ್ಕೊಂಡೆ, ಟೈಮ್ ಆಯ್ತು ಅನ್ನೋ ಅರ್ಥದ ಮಾತು. ಮಾತಾಡೋ ದನಿ ಗಟ್ಟಿಯಾಗೇ ಇದೆ. ಎಲ್ಲಾ ಮುಗಿದು ಕೊನೆಗೆ ಶೂಬರ್ಟ್‌ನ ‘ಆನ್ ಡೀ ಮ್ಯೂಸಿಕ್’, ಸಂಗೀತಕ್ಕೇ ಥ್ಯಾಂಕ್ಸ್ ಹೇಳೋ ಪುಟ್ಟ ಹಾಡು, ಎರಡೇ ಚರಣ. ಎರಡನೇ ಚರಣದ ಕೊನೇ ಸಾಲಿಗೆ ಬಂದಾಗ, ‘ನಿನಗೆ ನನ್ನ ವಂದನೆ’ ಅನ್ನೋ ಮಾತು ಬರ್ಬೇಕಾದಲ್ಲಿ ದನಿ ಇಲ್ಲ. ಅತ್ತುಬಿಟ್ರು. ಪಿಯಾನೋ ನುಡಿಸ್ತಿದ್ದ ಪೌಲ್ ಉಲನೋವ್ಸ್ಕಿ ನಿಲ್ಲಿಸ್ಲಿಲ್ಲ, ಪಿಯಾನೋ ಒಂದೇ ಹಾಡು ಮುಗಿಸ್ತು.

(ಆಮೇಲೆ ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದೆರಡು ಕಡೆ ಹಾಡಿದ್ರು ಅನ್ನೋದೂ ನಿಜ. ಕೊನೇದು ಅಂದ್ರೆ ಪೂರ್ತಿ ಕೊನೇದಲ್ಲ. ಹೆಸರೇ ಹಂಗಲ್ವಾ.)

ಇನ್ನು ಪಾಠದ ವಿಷ್ಯ. ಸಾಂಟಾ ಬಾರ್ಬರಾದಲ್ಲಿ 1947ರಲ್ಲಿ ಮ್ಯೂಸಿಕ್ ಅಕಾಡೆಮಿ ಆಫ್ ದಿ ವೆಸ್ಟ್ ಅಂತ ಒಂದು ಬೇಸಿಗೆ ಶಾಲೆ ಶುರುವಾಯ್ತು, ಶುರು ಮಾಡಿದವ್ರಲ್ಲಿ ಲೇಮನ್ ಒಬ್ಬರು. ಹಾಡೋದು ಬಿಟ್ಟ ಮೇಲೆ ಅಲ್ಲಿ ಪೂರ್ತಿ ಇಳಿದ್ರು. ಈಗ ಎಲ್ಲಾ ಕಡೆ ಮಾಸ್ಟರ್‌ಕ್ಲಾಸ್ ಮಾಸ್ಟರ್‌ಕ್ಲಾಸ್ ಅಂತಾರಲ್ಲ, ಸ್ಟೇಜ್ ಮೇಲೆ ವಿದ್ಯಾರ್ಥಿ ಹಾಡ್ತಾರೆ, ಗುರು ತಿದ್ತಾರೆ, ಟಿಕೆಟ್ ತಗೊಂಡ ಜನ ಕೂತು ನೋಡ್ತಾರೆ, ಆ ಪದ್ಧತಿಗೆ ಅಮೆರಿಕಾದಲ್ಲಿ ಜನಪ್ರಿಯತೆ ತಂದವ್ರಲ್ಲಿ ಇವ್ರೂ ಒಬ್ಬರು. 1961ರಲ್ಲಿ ಆ ಕ್ಲಾಸುಗಳನ್ನ ಟೀವಿಗೆ ಅಂತ ಚಿತ್ರೀಕರಿಸಿದ್ದು ಇದೆ. ನೋಡಿದ್ರೆ ಆಶ್ಚರ್ಯ ಆಗುತ್ತೆ. ಎಪ್ಪತ್ತು ದಾಟಿದ ಅಜ್ಜಿ, ಗಂಟಲು ಹೋಗಿದೆ, ತೋರಿಸಿಕೊಡ್ಬೇಕಾದ್ರೆ ಒಂದು ಸ್ಥಾಯಿ ಕೆಳಗೆ, ಗಂಡಸರ ಶ್ರುತಿಲಿ ಗುನುಗ್ತಾರೆ, ಅರ್ಧ ಹಾಡು ಅರ್ಧ ಮಾತು. ಆದ್ರೆ ಆ ಒಡೆದ ದನಿಲಿ ನಾಲ್ಕು ಪದ ಹೇಳ್ತಿದ್ದಂಗೆ ಪಕ್ಕದಲ್ಲಿ ನಿಂತಿರೋ ಇಪ್ಪತ್ತೈದರ ಹುಡುಗಿ, ಎಂಥಾ ಸೊಗಸಾದ ಕಂಠ ಇದ್ರೂ, ಪಾಠ ಒಪ್ಪಿಸೋ ಮಗು ಥರ ಕಾಣ್ತಾಳೆ. ಮುಖ, ಕೈ, ಕಣ್ಣು, ಎಲ್ಲಾ ಹಾಡುತ್ತೆ ಅಜ್ಜಿದು.

ಅವ್ರು ಪದೇ ಪದೇ ಹೇಳೋದು ಏನಂದ್ರೆ, ಹಾಡು ಶುರುವಾಗೋದು ನೀನು ಬಾಯಿ ತೆಗೆದಾಗ ಅಲ್ಲ, ಪಿಯಾನೋ ಮೊದಲ ಸ್ವರ ನುಡಿಸಿದಾಗ. ಆ ಪೀಠಿಕೆ ಹೊತ್ತಲ್ಲಿ ನೀನು ಸುಮ್ನೆ ನಿಂತು ನಿನ್ನ ಸರದಿ ಕಾಯ್ತಿದ್ರೆ ಆಗ್ಲೇ ಹಾಡು ಕೆಟ್ಟಿತು. ಅದೇ ಥರ ನಿನ್ನ ಪದ ಮುಗಿದ ಮೇಲೆ ಪಿಯಾನೋ ಇನ್ನೂ ನುಡೀತಿದೆ ಅಂದ್ರೆ ನೀನಿನ್ನೂ ಹಾಡ್ತಾನೇ ಇದೀಯ. ಟೌನ್ ಹಾಲ್‌ನಲ್ಲಿ ಆಗಿದ್ದನ್ನ ನೆನಪು ಮಾಡ್ಕೊಂಡು ಇದನ್ನ ಓದಿದ್ರೆ ಮೈ ಜುಂ ಅನ್ನುತ್ತೆ. ಇನ್ನೊಂದು ಮಾತು, ನನ್ನ ಕಾಪಿ ಹೊಡೀಬೇಡಿ. ನಾನು ತೋರಿಸಿದ್ದು ಒಂದು ದಾರಿ, ಕವಿತೆ ಓದಿ ನಿಮ್ಮದು ನೀವೇ ಹುಡುಕ್ಕೊಳ್ಳಿ ಅಂತ. ಗಂಡಸರ ಹಾಡು ಹೆಂಗಸರು ಹಾಡ್ಬಾರ್ದು ಅನ್ನೋ ಮಡಿವಂತಿಕೆನೂ ಅವ್ರಿಗಿರ್ಲಿಲ್ಲ, ಗಂಡಸಿನ ಬಾಯಲ್ಲಿ ಬರೋ ಶೂಬರ್ಟ್‌ನ ‘ವಿಂಟರ್‌ರೈಸೆ’ ಅನ್ನೋ ಹಾಡಿನ ಸರಣಿಯ ಪೂರ್ತಿ ಇಪ್ಪತ್ನಾಲ್ಕು ಹಾಡು ತಾವೇ ಹಾಡಿ ರೆಕಾರ್ಡ್ ಮಾಡಿದವ್ರು.

ಟೆಕ್ನಿಕ್ ಮಾತ್ರ ಅವ್ರು ಹೇಳಿಕೊಡೋ ವಿಷ್ಯ ಆಗಿರ್ಲಿಲ್ಲ, ಅದಕ್ಕೆ ಬೇರೆ ಮೇಷ್ಟ್ರು. ಇದರಿಂದ ಜಗಳನೂ ಆಯ್ತು. ಗ್ರೇಸ್ ಬಂಬ್ರಿ ಅಂತ ಸೇಂಟ್ ಲೂಯಿಸ್‌ನ ಕರಿಯ ಹುಡುಗಿ, 1937ರಲ್ಲಿ ಹುಟ್ಟಿದ್ದು, ಅಪ್ಪ ರೈಲ್ವೆಯಲ್ಲಿ ಸಾಮಾನು ಹೊರೋ ಕೆಲಸ. ಹದಿನೇಳಕ್ಕೆ ರೇಡಿಯೋ ಸ್ಪರ್ಧೇಲಿ ಗೆದ್ದಳು, ಬಹುಮಾನದ ಜೊತೆ ಊರಿನ ಸಂಗೀತ ಶಾಲೇಲಿ ಸೀಟು, ಆದ್ರೆ ಕರಿಯರನ್ನ ಕ್ಲಾಸಿಗೆ ಸೇರಿಸ್ಕೊಳಲ್ಲ, ಬೇಕಾದ್ರೆ ಪ್ರತ್ಯೇಕ ಪಾಠ ಹೇಳ್ತೀವಿ ಅಂದ್ರು. ಅವಳಮ್ಮ ನಿಮ್ಮ ಪಾಠ ನೀವೇ ಇಟ್ಕೊಳ್ಳಿ ಅಂತ ಬಂದ್ಬಿಟ್ಳು. ಆಮೇಲೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಗ ಅಲ್ಲಿಗೆ ಮಾಸ್ಟರ್‌ಕ್ಲಾಸಿಗೆ ಬಂದ ಲೇಮನ್ ಕಿವಿಗೆ ಬಿದ್ದಳು, ಒಂದು ಬೇಸಿಗೆ ಸಾಂಟಾ ಬಾರ್ಬರಾಕ್ಕೆ ಬಾ ಅಂದ್ರು, ಹೋದವಳು ಮೂರು ವರ್ಷದ ಮೇಲೆ ಉಳಿದಳು. ಅಲ್ಲಿ ಟೆಕ್ನಿಕ್ ಕಲಿಸ್ತಿದ್ದವ್ರು ಅರ್ಮಾಂಡ್ ಟೊಕಟಿಯನ್, ಅವ್ರು ಇವಳು ಸೊಪ್ರಾನೋ ಅಂತ, ಅಂದ್ರೆ ಹೆಂಗಸರ ಎಲ್ಲಕ್ಕಿಂತ ಮೇಲಿನ ಕಂಠ, ಲೇಮನ್ ಅಲ್ಲ ಮೆಟ್ಸೋ ಅಂತ, ಅಂದ್ರೆ ಸ್ವಲ್ಪ ಕೆಳಗಿನ ಕಂಠ. ಗುರುಗಳಿಬ್ಬರ ಮಧ್ಯ ಸಿಕ್ಕಿದ ಹುಡುಗಿ ಮುಂದೆ ಏನು ಮಾಡಿದ್ಲು ಅಂದ್ರೆ ಮೊದಲು ಮೆಟ್ಸೋ ಆಗಿ ಹೆಸರು ಮಾಡಿ ಆಮೇಲೆ ಸೊಪ್ರಾನೋ ಪಾತ್ರಗಳನ್ನೂ ಹಾಡಿದ್ಲು, ಇಬ್ಬರ ಮಾತೂ ಉಳೀತು.

1961ರಲ್ಲಿ ಬೈರಾಯ್ಟ್‌ನಲ್ಲಿ, ವಾಗ್ನರ್‌ನ ಸ್ವಂತ ಥಿಯೇಟರ್‌ನಲ್ಲಿ, ವಾಗ್ನರ್ ಮೊಮ್ಮಗ ವೀಲಾಂಡ್ ಈ ಹುಡುಗಿಗೆ ‘ಟಾನ್‌ಹಾಯ್ಸರ್’ನ ಪ್ರೇಮದೇವತೆ ವೀನಸ್ ಪಾತ್ರ ಕೊಟ್ಟ. ಕರಿಯಳು ವೀನಸ್ಸಾ ಅಂತ ಜರ್ಮನ್ ಪತ್ರಿಕೆಗಳಲ್ಲಿ ಗಲಾಟೆ. ಶೋ ಮುಗಿದ ಮೇಲೆ ಅರ್ಧ ಗಂಟೆ ಚಪ್ಪಾಳೆ, 42 ಸಲ ಪರದೆ ಮುಂದೆ ಬಂದು ನಮಸ್ಕಾರ ಮಾಡ್ಬೇಕಾಯ್ತು. ವೀನಸ್‌ನ ಪಾತ್ರಕ್ಕೆ ಕಾಮಕ್ಕಿಂತ ಮಾತು ಮುಖ್ಯ, ಮುನಿಸು, ಬೇಡಿಕೆ, ಶಾಪ ಎಲ್ಲಾ ಮಾತಲ್ಲೇ, ಆ ಜರ್ಮನ್ ಮಾತು ಮಿಸೂರಿಯ ಹುಡುಗಿ ಬಾಯಲ್ಲಿ ಹಂಗೆ ಬಂತು ಅಂದ್ರೆ ಸಾಂಟಾ ಬಾರ್ಬರಾದ ಅಜ್ಜಿ ನೆನಪಾಗ್ದೇ ಇರಲ್ಲ.

ಮರ್ಲಿನ್ ಹಾರ್ನ್ ಕೂಡ ಲೇಮನ್ ಹತ್ರ ಕಲಿತವ್ರೇ, 1997ರಿಂದ ಅದೇ ಶಾಲೆಯ ಗಾಯನ ವಿಭಾಗ ನೋಡ್ಕೊಂಡ್ರು. ಪಟ್ಟಿ ಉದ್ದ ಇದೆ, ಬೇಡ.

ಲೇಮನ್ ತೀರ್ಕೊಂಡಿದ್ದು 1976ರ ಆಗಸ್ಟ್ 26, ಎಂಬತ್ತೆಂಟು ವರ್ಷ. ಸಮಾಧಿ ವಿಯೆನ್ನಾದಲ್ಲಿ, ಕಲ್ಲಿನ ಮೇಲೆ ಸ್ಟ್ರೌಸ್ ಇವ್ರ ಬಗ್ಗೆ ಹೇಳಿದ ಮಾತು ಕೆತ್ತಿದಾರೆ, ನಕ್ಷತ್ರಗಳು ಕರಗೋ ಹಾಗೆ ಹಾಡಿದಳು ಅಂತ.

ನನಗೆ ತಲೇಲಿ ಉಳ್ಕೊಂಡಿರೋದು 1962ರ ಒಂದು ಸಂಗತಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ, ಅಂದ್ರೆ ಮೆಟ್‌ನವ್ರು ಹೊಸದಾಗಿ ‘ರೋಸೆನ್‌ಕವಲಿಯರ್’ ಆಡಿಸೋಕೆ ಲೇಮನ್‌ನ ಕರೆದ್ರು, ಹಾಡೋಕಲ್ಲ, ನಿರ್ದೇಶನಕ್ಕೆ. ಮಾರ್ಷಲಿನ್ ಆಗಿ ಫ್ರಾನ್ಸಿನ ರೆಜೀನ್ ಕ್ರೆಸ್ಪಿನ್, ಮೆಟ್‌ನಲ್ಲಿ ಅವ್ರಿಗೆ ಅದೇ ಮೊದಲು. ರಿಹರ್ಸಲ್‌ನಲ್ಲಿ ಕೊನೇ ಅಂಕಕ್ಕೆ ಬಂದಿರ್ತಾರೆ, ಹುಡುಗಿ ಅಪ್ಪ ತನ್ನ ಮಾತು ಹೇಳಿರ್ತಾನೆ, ಕ್ರೆಸ್ಪಿನ್ ಈಗ ‘ಯಾ, ಯಾ’ ಅನ್ಬೇಕು. ಎಪ್ಪತ್ನಾಲ್ಕರ ಅಜ್ಜಿ ಪಕ್ಕದಲ್ಲಿ ನಿಂತಿದಾರೆ. ಒಡೆದ ಗಂಟಲಲ್ಲಿ, ಒಂದು ಸ್ಥಾಯಿ ಕೆಳಗೆ, ಅದನ್ನ ಹೇಳಿ ತೋರಿಸಿದ್ರಾ, ಇಲ್ಲ ನಿನ್ನದು ನೀನೇ ಹುಡುಕ್ಕೋ ಅಂತ ಸುಮ್ನೆ ನಿಂತ್ರಾ?